ಆಸ್ಟ್ರೇಲಿಯಾಕ್ಕೆ ಒಂದು ಸೀಟು

ರಂಗಪ್ಪನ ಕೇಡಿಗೆ ಕಾರಣವಾದದ್ದು ಒಂದು ನೀಲಗಿರಿ ಮರ. ಅದೂ ನೆಲದ ಮೇಲಿನದಲ್ಲ, ಮೊಬೈಲಿನೊಳಗಿನದು.

ಮಗಳು ಕಾವ್ಯಶ್ರೀ ಕಾಲೇಜಿಗೆ ಹೊರಡುವ ಮುಂಚೆ ಆಸ್ಟ್ರೇಲಿಯಾದ ಕುರಿಗಳ ವಿಡಿಯೋ ಹಚ್ಚಿ ಅಪ್ಪನ ಕೈಗೆ ಕೊಟ್ಟಿದ್ದಳು. ಕೆಂಪು ಮಣ್ಣು, ಒಣಗಿ ನಿಂತ ಹುಲ್ಲು, ಜಾಲಿಯಂಥ ಗಿಡಗಳು, ಅದರಾಚೆ ನೀಲಗಿರಿ ಸಾಲು, ಸಾಲಿನ ನೆರಳಿಗೆ ಕುರಿ. ರಂಗಪ್ಪ ಬಾಯಲ್ಲಿದ್ದ ಬೇವಿನ ಕಡ್ಡಿ ತೆಗೆಯುವುದನ್ನೂ ಮರೆತು ಕೂಗಿಕೊಂಡ.

"ಏ ಓಬಿ, ಬಾರೇ ಇಲ್ಲಿ! ನಮ್ಮ ಕುರಿ ಮೇಯೋ ಮಾಳದಂಗೇ ಐತೆ ನೋಡು! ಅದೇ ಮಣ್ಣು, ಅದೇ ಮರ!"

ಒಲೆ ಮುಂದಿದ್ದ ಹೆಂಡತಿ ಓಬಕ್ಕ ತಿರುಗಿಯೂ ನೋಡಲಿಲ್ಲ. "ಮರ ಇರ್ಲಿ. ಅಲ್ಲಿ ಮುದ್ದೆ ಸಿಗ್ತೈತಾ ಕೇಳು ಮೊದ್ಲು."

ವಿಷಯ ಇಷ್ಟೇ. ಮತ್ತೋಡು ಸೀಮೆಯ ಕರಿಗುಡ್ಡ ಕುರಿಗಾರರ ಸಂಘಕ್ಕೆ ವಿದೇಶ ಪ್ರವಾಸ ಮಂಜೂರಾಗಿತ್ತು. ಎರಡು ದೇಶಗಳ ಹವೆ, ನೆಲ, ಮೇವು ಹೋಲಿಸಿ, ಫೋಟೋ ಸಮೇತ ವರದಿ ಒಪ್ಪಿಸಬೇಕು. ಒಂದು ಆಸ್ಟ್ರೇಲಿಯಾ, ಇನ್ನೊಂದು ಐಸ್‌ಲ್ಯಾಂಡ್. ಬಂದ ಹಣ ಮಾತ್ರ ಒಂದೇ ದೇಶಕ್ಕೆ ಸಾಲುವಷ್ಟು. ಯಾವ ದೇಶಕ್ಕೆ ಹೋಗುವುದು ಎಂದು ಇವತ್ತು ಮಧ್ಯಾಹ್ನ ಮೇಲಿನಿಂದ ಬರುವ ಸಾಹೇಬರು ತೀರ್ಮಾನ ಮಾಡುವವರಿದ್ದರು. ಒಂದು ಸೀಟು ನಿಜವಾಗಿ ಕುರಿ ಕಾಯುವವನಿಗೇ ಕೊಡಬೇಕೆಂದು ನಿಯಮ. ಸಂಘದಲ್ಲಿ ಪಾಸ್‌ಪೋರ್ಟು ಮಾಡಿಸಿಕೊಂಡಿದ್ದ ಕುರಿಗಾರ ರಂಗಪ್ಪ ಒಬ್ಬನೇ. ಎಲ್ಲಿಗೆ ಹೋದರೂ ಸೀಟು ಅವನದೇ. ಸುಮ್ಮನೆ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಾಗಿತ್ತು.

ಕೂರಲಿಲ್ಲ. ಯಾಕೆಂದರೆ ಆ ವಿಡಿಯೋದಲ್ಲಿ ಒಬ್ಬ ಕುರಿಗಾರನೂ ಇದ್ದ. ಪೇಟೆಯ ಹೋಟೆಲಿಗೆ ಅವನು ಬಂದರೆ ಒಳಗಿದ್ದವರು ಎದ್ದು ಕೈ ಕುಲುಕಿ, ಕುರ್ಚಿ ಎಳೆದು ಕೊಟ್ಟರು. ಪ್ರತಿ ಬೇಸಿಗೆಯಲ್ಲೂ ಕುರಿ ಹೊಡೆದುಕೊಂಡು ನೀರಾವರಿ ಸೀಮೆಗೆ ಹೋಗುವ ರಂಗಪ್ಪನನ್ನು ಇದುವರೆಗೆ ಎಲ್ಲ ಊರಿನವರೂ ಒಂದೇ ಮಾತಿನಲ್ಲಿ ಮಾತಾಡಿಸಿದ್ದರು: "ಹೋಗಲೇ ಆಚೆ!" ಸಾಯುವುದರೊಳಗೆ ಒಂದೇ ಒಂದು ಸಲ, ಕುರಿಗಾರನಿಗೆ ಕುರ್ಚಿ ಕೊಡುವ ಊರು ನೋಡಬೇಕು. ಇದು ಅವನ ಆಸೆ. ಹೆಂಡತಿಗೂ ಹೇಳಿರಲಿಲ್ಲ, ನಗುತ್ತಾಳೆಂದು.

ಬಸ್‌ಸ್ಟಾಪಿನ ಟೀ ಅಂಗಡಿಗೆ ಬರುವಷ್ಟರಲ್ಲಿ ಅವನು ಆಸ್ಟ್ರೇಲಿಯಾ ಕೇಳಲಿರುವ ಸುದ್ದಿ ಅವನಿಗಿಂತ ಮುಂಚೆ ಬಂದು ಕೂತಿತ್ತು. ಪಕ್ಕದ ಮನೆಯ ರಘುನಾಥ್ ಮೇಷ್ಟ್ರು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವರು. ಟೀ ಲೋಟವನ್ನೇ ಭೂಗೋಳ ಮಾಡಿ ತಿರುಗಿಸಿ ತೋರಿಸಿದರು.

"ನೋಡು ರಂಗಪ್ಪ, ಐಸ್‌ಲ್ಯಾಂಡು ಮೇಲುಗಡೆ, ಆಸ್ಟ್ರೇಲಿಯಾ ಕೆಳಗಡೆ. ನಮಗೆ ಬೇಸಿಗೆ ಇದ್ದಾಗ ಆಸ್ಟ್ರೇಲಿಯಾದೋರಿಗೆ ಚಳಿಗಾಲ. ಇದನ್ನ ಮಾತ್ರ ಸಾಹೇಬ್ರ ಮುಂದೆ ಬಾಯಿ ಬಿಡಬೇಡ. ನಮ್ಮಂಗೇ ಐತೆ ಅಂತಾನೇ ಸಾಧಿಸು."

ಟೀ ಅಂಗಡಿ ನಾಗಣ್ಣನಿಗೆ ಅಷ್ಟು ಸಾಲಲಿಲ್ಲ. ತಾನು ಹೊಸದುರ್ಗ ದಾಟಿದ್ದೇ ಅಪರೂಪವಾದರೂ ಸಲಹೆಗೇನೂ ಬರವಿರಲಿಲ್ಲ.

"ಬರೇ ನಿನ್ನ ದೇಶನ ಹೊಗಳಿದ್ರೆ ಆಗಲ್ಲ ಕಣಪ್ಪ. ಹೆಣ್ಣು ನೋಡಾಕೆ ಹೋದಾಗ ಏನ್ಮಾಡ್ತೀವಿ? ಇನ್ನೊಂದು ಸಂಬಂಧನ ತೆಗೆದಾಕ್ತೀವಿ. ಹಂಗೆ ಆ ಐಸ್ ದೇಶನ ಎಕ್ಕುಟ್ಟಿ ಹೋಗಂಗೆ ಬೈದುಬಿಡು. ಕರೆದ್ರೂ ಬರಲ್ಲ ಅನ್ನು. ಆಮ್ಯಾಲೆ ಸಾಹೇಬ್ರಿಗೆ ದಾರಿ ಯಾವ್ದೈತೆ?"

"ಕರೆದ್ರೂ ಬರಲ್ಲ ಅನ್ಲಾ?"

"ಅನ್ನು! ಧೈರ್ಯವಾಗಿ ಅನ್ನು! ಬರೋವಾಗ ನಂಗೊಂದು ಕಾಂಗರೂ ಚರ್ಮದ ಬೆಲ್ಟ್ ತಗಂಬಾ."

ಮೇಷ್ಟ್ರು ತಲೆದೂಗಿ, ಐಸ್‌ಲ್ಯಾಂಡಿನ ಹುಳುಕನ್ನೆಲ್ಲ ಹೇಳಿಕೊಟ್ಟರು. ರಂಗಪ್ಪ ದಾರಿಯುದ್ದಕ್ಕೂ ಬಸ್ಸಿನ ಕಿಟಕಿಗೆ ಬಾಯಿಪಾಠ ಒಪ್ಪಿಸುತ್ತಾ ಹೊಸದುರ್ಗಕ್ಕೆ ಬಂದಿಳಿದ.

ಸಂಘದ ಕಚೇರಿಯಲ್ಲಿ ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಸಾಹೇಬರು, ಪಕ್ಕದಲ್ಲಿ ಅಧ್ಯಕ್ಷ ಶಿವಕುಮಾರಪ್ಪ. ಶಿವಕುಮಾರಪ್ಪನವರದು ಕೊಬ್ಬರಿ ವ್ಯಾಪಾರ. ಕುರಿಯನ್ನು ಅವರು ತಟ್ಟೆಯಲ್ಲಿ ಕೂಡ ಕಂಡವರಲ್ಲ. ಆದರೂ ಕುರಿಗಾರರ ಸಂಘಕ್ಕೆ ಅವರೇ ಅಧ್ಯಕ್ಷರು. ಕುರಿಗಳಿಗೆ ಲಸಿಕೆ, ಔಷಧಿ ಎಲ್ಲ ಅವರ ಕೈಯಿಂದಲೇ ಬರಬೇಕು. ಕಾರ್ಯದರ್ಶಿ ಮುರುಗೇಶ್ ಮೊದಲೇ ಎದ್ದು ಐಸ್‌ಲ್ಯಾಂಡಿನ ಗುಣಗಾನಕ್ಕೆ ಶುರು ಹಚ್ಚಿಕೊಂಡಿದ್ದ.

"ಸಾರ್, ನೆಲದಿಂದ ಬಿಸಿನೀರು ತಾನೇ ಉಕ್ಕಿ ಬರ್ತದಂತೆ. ಬೇಸಿಗೇಲಿ ಕುರಿನ ಗುಡ್ಡಕ್ಕೆ ಬಿಟ್ಟು ಮನೇಲಿ ಆರಾಮಾಗಿ ಇರ್ತಾರಂತೆ. ಸೊಳ್ಳೆ ಕಾಟ ಇಲ್ಲ, ಸೆಕೆ ಇಲ್ಲ. ಎಲ್ಲಿ ನೋಡಿದ್ರೂ ಹಿಮ!"

ರಂಗಪ್ಪನ ಸರದಿ ಬಂತು. ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ನಿಂತ.  ನಾಗಣ್ಣನ ಮಾತು ನೆನಪಿಸಿಕೊಂಡು ದನಿ ಏರಿಸಿದ.

"ಬಿಸಿನೀರಂತೆ! ಕುರಿ ಏನು ದಿನಾ ಎಣ್ಣೆಸ್ನಾನ ಮಾಡ್ತದಾ ಸಾರ್? ಚಳಿಗಾಲ ಪೂರಾ ಕುರಿನ ಒಳಗೆ ಕೂಡಾಕಿ ಒಣಹುಲ್ಲು ಹಾಕ್ತಾರಂತೆ. ಅದು ಕುರಿ ಸಾಕೋದಾ, ಜೈಲಾ? ನೆಟ್ಟಗೊಂದು ಮರ ಇಲ್ಲ. ಒಂದು ಕಾಲದಾಗೆ ಹೊತ್ತೇ ಮುಳುಗಲ್ಲ, ಇನ್ನೊಂದು ಕಾಲದಾಗೆ ಹುಟ್ಟಿದ್ದೇ ಗೊತ್ತಾಗಲ್ಲ. ನಮ್ಮಂಥ ಕುರಿಗಾರ ಅಲ್ಲಿ ಕಲಿಯೋದು ಏನೂ ಇಲ್ಲ. ಕೈಕಾಲು ಕಟ್ಟಿ ಎತ್ತಾಕ್ಕೊಂಡು ಹೋದ್ರೂ ನಾನಂತೂ ಆ ನೆಲದಾಗೆ ಕಾಲಿಡಲ್ಲ!"

ಮುರುಗೇಶನ ಮುಖ ಸಪ್ಪಗಾಯಿತು. ಸಾಹೇಬರು ಮುಂದಕ್ಕೆ ಬಾಗಿದರು. "ಆಸ್ಟ್ರೇಲಿಯಾ ಹೇಗಪ್ಪ?"

"ಅದು ನಮ್ಮ ಮಾಳಾನೇ ಸಾರ್! ಅದೇ ಕೆಂಪು ಮಣ್ಣು, ಅದೇ ಬರಗಾಲದ ಮಳೆ, ಅದೇ ಜಾಲಿ, ಅದೇ ಗಾಳಿ. ನಮ್ಮ ನೀಲಗಿರಿ ಮರದ ತೌರುಮನೆ ಅದೇ ಅಂತೆ."

"ಒಂದೂ ವ್ಯತ್ಯಾಸ ಇಲ್ಲ?"

"ಕೂದಲೆಳೆಯಷ್ಟೂ ಇಲ್ಲ ಸಾರ್!"

"ಎರಡೂ ಕಡೆ ಫೋಟೋ ತೆಗೆದು ಇಟ್ಟರೆ?"

"ದೇವರಾಣೆಗೂ ಯಾವ್ದು ಎಲ್ಲೀದು ಅಂತ ಗೊತ್ತಾಗಲ್ಲ ಸಾರ್!"

ಸಾಹೇಬರು ಎದ್ದು ಬಂದು ರಂಗಪ್ಪನ ಬೆನ್ನು ತಟ್ಟಿದರು. "ಭೇಷ್! ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದೆ, ಒಂದೇ ಮಾತಿಗೆ ಬಗೆಹರಿಸಿಬಿಟ್ಟೆ." ರಂಗಪ್ಪನ ಕಣ್ಣು ತುಂಬಿ ಬಂತು. ಜೀವಮಾನದಲ್ಲಿ ಸಾಹೇಬರೆನ್ನುವವರು ಅವನನ್ನು ಮುಟ್ಟಿ ಮಾತಾಡಿಸಿದ್ದು ಇದೇ ಮೊದಲು.

"ಹಂಗಾದ್ರೆ ನಾವು ಮೂವರೂ ಐಸ್‌ಲ್ಯಾಂಡಿಗೆ ಹೊರಡೋಣ," ಎಂದು ಸಾಹೇಬರು ಅಧ್ಯಕ್ಷರ ಕಡೆ ತಿರುಗಿದರು.

ರಂಗಪ್ಪನಿಗೆ ತಲೆ ಬುಡ ತಿಳಿಯಲಿಲ್ಲ. "ಸಾರ್... ಆಸ್ಟ್ರೇಲಿಯಾ?"

ಶಿವಕುಮಾರಪ್ಪ ಅವನ ಹೆಗಲ ಮೇಲೆ ಕೈಹಾಕಿದರು. "ಇಲ್ಲೇ ಐತೆ ಅಂದ್ಯಲ್ಲೋ ರಂಗ. ಇಲ್ಲಿರೋದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಹಿಮ ಮಾತ್ರ ಹೊಸದುರ್ಗದಾಗೆ ಎಲ್ಲಿ ಹುಡುಕಿದ್ರೂ ಸಿಗಲ್ಲ. ಅದಕ್ಕೆ ಹೋಗ್ಲೇಬೇಕು."

"ಹಂಗಾರೆ ನಾನೂ ಅಲ್ಲಿಗೇ ಬತ್ತೀನಿ! ಸೀಟು ನಂದಲ್ರಾ?"

"ಕಾಲಿಡಲ್ಲ ಅಂದೆಯಲ್ಲಪ್ಪ. ಎಲ್ಲರೂ ಕೇಳಿಸಿಕೊಂಡಿದ್ದಾರೆ," ಸಾಹೇಬರ ದನಿಯಲ್ಲಿ ಕರುಣೆಯೇ ಇತ್ತು. "ಬಡವನನ್ನ ಬಲವಂತ ಮಾಡೋದು ಪಾಪ. ನೀನು ಆಸ್ಟ್ರೇಲಿಯಾದ ಕೆಲಸ ನೋಡ್ಕೋ, ವರದಿಗೆ ಅದರ ಫೋಟೋ ನಿಮ್ಮ ಮಾಳದಲ್ಲೇ ಆಗ್ತದೆ. ಇವತ್ತೇ ಮುಗಿಸಿಬಿಡೋಣ, ಜೀಪು ಹತ್ತು."

ಹತ್ತಬಾರದಿತ್ತು. ಹತ್ತಿದ. ಕುರಿಗಳಿಗೆ ಮುಂದಿನ ತಿಂಗಳು ಲಸಿಕೆ ಬೇಕಿತ್ತು, ಹತ್ತುವ ಮುಂಚೆ ಅಧ್ಯಕ್ಷರು ಬೇರೆ "ಫೋಟೋ ಚೆನ್ನಾಗಿ ಬಂದ್ರೆ ಮುಂದಿನ ಸಲ ನಿಂದೇ ಸೀಟು" ಎಂದು ಮೆಲ್ಲಗೆ ಕಿವಿಗೆ ಹಾಕಿದ್ದರು. ಮಾಳದಲ್ಲಿ ಕುರಿ ನೋಡಿಕೊಳ್ಳುತ್ತಿದ್ದ ಓಬಕ್ಕ ಜೀಪು ಕಂಡು ಸೆರಗು ಸರಿಮಾಡಿಕೊಂಡು ಬದಿಗೆ ನಿಂತಳು.

ಕುರಿಗಳು ಕರಿಯವು. ಆಸ್ಟ್ರೇಲಿಯಾದವು ಬಿಳಿ ಎಂದು ಮುರುಗೇಶನೇ ನೆನಪಿಸಿದ. ಊರಿನ ಅಂಗಡಿಯಿಂದ ಮೈದಾ ಹಿಟ್ಟಿನ ಚೀಲ ತರಿಸಿ ಒಂದಷ್ಟಕ್ಕೆ ಬಳಿದರು. ಕುರಿಗಳು ಒಂದರ ಮೈ ಇನ್ನೊಂದು ನೆಕ್ಕುತ್ತಾ ಹಬ್ಬ ಮಾಡಿದವು. ಮುರುಗೇಶ್ ದೊಡ್ಡ ಟೋಪಿ ಹಾಕಿಕೊಂಡು ಆಸ್ಟ್ರೇಲಿಯಾದ ರೈತನಾಗಿ ನಡುವೆ ನಿಂತ. ಕುರಿಗಳು ದಿಕ್ಕಾಪಾಲಾಗಿ ಓಡಿದವು. ಅಧ್ಯಕ್ಷರು ನಿಂತರೂ ಓಡಿದವು. ರಂಗಪ್ಪ ತಡೆಯಲಾರದೆ "ಹುರ್ರ್... ಬಾ ಬಾ" ಎಂದದ್ದೇ ತಡ, ಎಲ್ಲವೂ ಬಂದು ಅವನ ಸುತ್ತ ನಿಂತವು.

"ಅಂಗೇ ಇರು!" ಸಾಹೇಬರು ಕೂಗಿದರು. "ಟೋಪಿ ಇವನಿಗೆ ಹಾಕ್ರಿ. ಅರೆ, ಇವನದು ಬೆಕ್ಕಿನ ಕಣ್ಣು ಬೇರೆ! ಅಪ್ಪಟ ಆಸ್ಟ್ರೇಲಿಯಾದವನೇ!"

ರುಮಾಲು, ಕಂಬಳಿ ತೆಗೆದಿಟ್ಟು ಟೋಪಿ ಹಾಕಿದರು. ಸಾಹೇಬರ ಕೋಟು ತೊಡಿಸಿದರು. ರಂಗಪ್ಪ ಮದುವೆ ದಿನವೂ ಇಷ್ಟು ಸಂಕೋಚಪಟ್ಟಿರಲಿಲ್ಲ. ದೂರದಲ್ಲಿ ಓಬಕ್ಕ ನಗುತ್ತಾಳೆಂದು ಅಂದುಕೊಂಡ. ಅವಳು ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಆಗ ಅಧ್ಯಕ್ಷರಿಗೆ ಹೊಳೆಯಿತು. "ಸಾರ್, ಕುರಿಗಾರರ ಪ್ರತಿನಿಧಿ ಫೋಟೋದಾಗೆ ಇರ್ಲೇಬೇಕಲ್ಲ. ರಂಗಪ್ಪ ಎಲ್ಲಿ?"

"ನಾನೇ ಐದೀನಲ್ರಿ," ಎಂದ ರಂಗಪ್ಪ.

"ನೀನು ಅಲ್ಲಿಯವನಾದೆಯಲ್ಲಪ್ಪ," ಎಂದು ಸಾಹೇಬರು ಸುತ್ತಲೂ ನೋಡಿ, ರಂಗಪ್ಪನ ಕಂಬಳಿಯನ್ನೂ ರುಮಾಲನ್ನೂ ಎತ್ತಿ ಮುರುಗೇಶನಿಗೆ ಕೊಟ್ಟರು.

ಮುರುಗೇಶ್ ಕಂಬಳಿ ಹೊದ್ದು ಬಂದು ರಂಗಪ್ಪನ ಕೈ ಹಿಡಿದು ಕುಲುಕಿದ. ಸಾಹೇಬರು ವಿಡಿಯೋ ಒತ್ತಿದರು.

"ನಮಸ್ಕಾರ್ರಿ," ಮುರುಗೇಶ್ ಮೊಬೈಲಿನತ್ತ ತಿರುಗಿ ಶುರುಮಾಡಿದ. "ನಾನು ಕುರಿಗಾರ ರಂಗಪ್ಪ. ಹುಟ್ಟಿದಾಗಿಂದ ಕುರಿ ಕಾಯ್ದೋನು. ಇವ್ರು ಇಲ್ಲಿಯ ದೊಡ್ಡ ಸಾಹುಕಾರ್ರು. ಈ ದೇಶದಾಗೆ ನಮ್ಮಂಥ ಕುರಿಗಾರರಿಗೆ ಎಷ್ಟು ಮರ್ಯಾದೆ ಕೊಡ್ತಾರೆ ಅಂದ್ರೆ..."

ರಂಗಪ್ಪ ಕೈ ಕೊಸರಿಕೊಂಡು ಕಂಬಳಿಗೆ ಕೈ ಹಾಕಿದ. "ಲೇ, ರಂಗಪ್ಪ ನಾನು ಕಣಲೇ! ಬಿಚ್ಚಲೇ ನನ್ನ ಕಂಬಳಿ!"

ಸಾಹೇಬರು ವಿಡಿಯೋ ನಿಲ್ಲಿಸಿ, ಬೇಸರದಿಂದ ತಲೆಯಾಡಿಸಿದರು.

"ಎಲ್ಲಾ ಕೆಡಿಸಿಬಿಟ್ಟೆಯಲ್ಲಯ್ಯ. ನೀನು ಮಾತಾಡಬಾರದು. ನಿನಗೆ ಕನ್ನಡ ಬರಲ್ಲ."