ಟಾಮಿ ಇಳಿಸಿದ ಹತ್ತು ಕಿಲೋ

ಕೊಪ್ಪದಲ್ಲಿ ದನದ ಡಾಕ್ಟರಾಗಿ ಕೂತವರು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಹಗ್ಗ ಬಿಚ್ಚಿಕೊಂಡು ಆಸ್ಪತ್ರೆ ಬಾಗಿಲಿಗೆ ಬರುತ್ತದೆ. ನಾನು ಅಲ್ಲಿಗೆ ಹೋದದ್ದು ಮೊಬೈಲು ಆಗಷ್ಟೇ ಜನರ ಜೇಬಿಗೆ ಇಳಿಯುತ್ತಿದ್ದ ವರ್ಷಗಳಲ್ಲಿ. ವಾರಕ್ಕೆ ಎರಡು ದಿನ ನರಸಿಂಹರಾಜಪುರದ ಚಾರ್ಜನ್ನೂ ನನ್ನ ತಲೆಗೇ ಕಟ್ಟಿದ್ದರು. ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಕಷ್ಟದ ಹೆರಿಗೆ, ಇದಕ್ಕೆಲ್ಲ ತಯಾರಾಗಿ ಹೋದವಳು ನಾನು. ದಪ್ಪಗಾದ ನಾಯಿ ಬೆಕ್ಕುಗಳನ್ನು ತೆಳ್ಳಗೆ ಮಾಡಿಕೊಡಬೇಕಾಗುತ್ತದೆ ಅಂತ ಒಬ್ಬರೂ ಹೇಳಿರಲಿಲ್ಲ.

೧. ಅವನು ಏನೂ ತಿನ್ನಲ್ಲ

ಟಾಮಿ ಬಂದದ್ದು ಆಟೋದಲ್ಲಿ. ಹಿಂದಿನ ಸೀಟು ಪೂರ್ತಿ ಅವನೇ. ಅವನ ಯಜಮಾನರು ಡ್ರೈವರ್ ಪಕ್ಕದಲ್ಲಿ ಅರ್ಧ ಕೂತು, ಅರ್ಧ ನೇತಾಡಿಕೊಂಡು ಬಂದಿದ್ದರು. ಬಾಳಗಡಿಯ ಕಾಲೇಜು ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಟೈಲರು ಅವರು. ಮನೆಯಲ್ಲಿ ಅವರು, ಅವರ ಅಕ್ಕ, ಮೂರನೆಯವನು ಟಾಮಿ. ಮೂರು ಜನ ಸೇರಿ ಅವನನ್ನು ಇಳಿಸಿದೆವು. ಇಳಿಸಿದಲ್ಲೇ ಅವನು ಮಲಗಿಬಿಟ್ಟ. ಏಳಲು ಹಿಂಗಾಲು ಕೇಳುತ್ತಿರಲಿಲ್ಲ.

"ಏನು ತಿಂತಾನೆ?" ಅಂದೆ.

"ಏನೂ ತಿನ್ನಲ್ಲ ಡಾಕ್ಟ್ರಮ್ಮ. ಅದೇ ನಮಗೆ ಯೋಚನೆ," ಅಂದರು ಟೈಲರು.

"ಬೆಳಿಗ್ಗೆ?"

"ಬೆಳಿಗ್ಗೆ ಎಂತ ಇಲ್ಲ. ನಾಲ್ಕು ದೋಸೆ ಅಷ್ಟೆ. ಅಕ್ಕ ಕಾವಲಿ ಇಟ್ಟಾಗ ಮೊದಲನೇದು ಹರಿದು ಬರ್ತದಲ್ಲ, ಅದು."

"ನಾಲ್ಕೂ ಮೊದಲನೇದೇನ್ರೀ?"

ಅವರು ಮುಂದಿನ ಹೊತ್ತಿಗೆ ದಾಟಿದರು. ಹತ್ತು ಗಂಟೆಗೆ ಅಂಗಡಿಗೆ ಬರುವ ಕಾಲೇಜು ಹುಡುಗಿಯರು ಬನ್ನು ಕೊಡುತ್ತಾರಂತೆ. ಅದು ಪ್ರೀತಿ, ಲೆಕ್ಕಕ್ಕಿಲ್ಲ. ಹನ್ನೊಂದಕ್ಕೆ ಚಹಾದ ಜೊತೆ ಬಿಸ್ಕತ್ತು. ಅದು ಟೈಲರಿಗೆ ತಂದದ್ದು, ಅದೂ ಲೆಕ್ಕಕ್ಕಿಲ್ಲ. ಮಧ್ಯಾಹ್ನ ಅನ್ನ, ಸಂಜೆ ಬೋಂಡ, ರಾತ್ರಿ ಪುನಃ ಅನ್ನ, ಮಲಗುವ ಮುಂಚೆ ಹಾಲು. ಹಾಲು ಹೇಗೂ ಕುಡಿಯುವುದು, ತಿನ್ನುವುದಲ್ಲ.

ಎದೆಗೆ ಸ್ಟೆತಸ್ಕೋಪ್ ಇಟ್ಟೆ. ನಗು ಅಲ್ಲಿಗೇ ನಿಂತಿತು. ಮಲಗಿದ ಪ್ರಾಣಿಯ ಹೃದಯ ಗುಡ್ಡ ಹತ್ತಿ ಬಂದವರ ಹಾಗೆ ಬಡಿದುಕೊಳ್ಳುತ್ತಿತ್ತು. "ನೋಡಿ ಟೈಲರೇ, ಸುಳ್ಳು ಹೇಳಲ್ಲ. ನಾಲ್ಕು ತಿಂಗಳಲ್ಲಿ ಹತ್ತು ಕಿಲೋ ಇಳಿಯಬೇಕು. ಇಳಿಯದಿದ್ದರೆ ಇವನು ಏಳೋದೇ ಇಲ್ಲ. ಎದೆ ತಡೆಯಲ್ಲ," ಅಂದೆ.

ಆಟೋದಲ್ಲಿ ಜಾಗವಿಲ್ಲದೆ ಹಿಂದಿನಿಂದ ನಡೆದು ಬಂದಿದ್ದ ಅಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನಾನು ಚೀಟಿ ಬರೆದೆ. ಎರಡೇ ಹೊತ್ತು, ಒಂದು ಹಿಡಿ ಅನ್ನ, ಬೇಯಿಸಿದ ಬೀನ್ಸು, ಸಿಹಿಗುಂಬಳ, ಮೊಟ್ಟೆಯ ಬಿಳಿ. ಬನ್ನು, ಬಿಸ್ಕತ್ತು, ಬೋಂಡ, ಹಾಲು ಬಂದ್. ಟೈಲರು ಚೀಟಿಯನ್ನು ಎರಡೆರಡು ಸಲ ಓದಿ ತಲೆ ಎತ್ತಿದರು.

"ಆತು ಡಾಕ್ಟ್ರಮ್ಮ, ಹಂಗೇ ಮಾಡುವ. ಇದು ಊಟಕ್ಕೆ ಮುಂಚೆ ಕೊಡೋದಾ, ಊಟ ಆದ ಮೇಲಾ?"

೨. ಒಣ ಟಾಮಿ

ನಮ್ಮ ಆಸ್ಪತ್ರೆಯಲ್ಲಿ ನಾಯಿ ತೂಗುವ ತಕ್ಕಡಿ ಇರಲಿಲ್ಲ. ಪೇಟೆಯ ಅಡಿಕೆ ಮಂಡಿಯಲ್ಲಿ ಮೂಟೆ ತೂಗುವ ಯಂತ್ರ ಇತ್ತು. ಮೊದಲ ದಿನ ಅಲ್ಲಿಯ ಗುಮಾಸ್ತರು ತೂಗಿ ನಲವತ್ಮೂರು ಅಂತ ಚೀಟಿ ಬರೆದುಕೊಟ್ಟರು.

ಮೂರು ವಾರ ಬಿಟ್ಟು ಟೈಲರು ಮಳೆಯಲ್ಲಿ ತೊಪ್ಪೆಯಾಗಿ ಓಡಿಬಂದರು. ಕೈಯಲ್ಲಿ ಹೊಸ ಚೀಟಿ. ಮೂವತ್ತೊಂಬತ್ತು!

ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಆಸ್ಪತ್ರೆಯವರಿಗೆಲ್ಲ ಚಹಾ ತರಿಸಿದೆ. ಚಹಾ ಕುಡಿಯುತ್ತಾ ಹೊರಗೆ ನೋಡಿದರೆ ಟಾಮಿ ಆಟೋದಲ್ಲಿದ್ದಾನೆ. ಮೊದಲಿನ ಹಾಗೇ ಸೀಟು ಪೂರ್ತಿ ಅವನೇ, ಒಂದು ಪುಸ್ತಕ ಇಡುವಷ್ಟೂ ಜಾಗ ಉಳಿದಿಲ್ಲ. ನನಗೆ ಅನುಮಾನ ಬಂತು. ಅರ್ಧ ಕುಡಿದ ಲೋಟ ಅಲ್ಲೇ ಇಟ್ಟು ಮಂಡಿಗೆ ಹೋದೆ.

ಈ ಸಲ ತೂಗಿದ್ದು ಮಂಡಿಯ ಸಾಹುಕಾರರು. ಅಡಿಕೆ ವ್ಯಾಪಾರದಲ್ಲಿ ತಲೆ ಹಣ್ಣಾದವರು.

"ಎಷ್ಟು ಬಂತು ಸಾಹುಕಾರ್ರೆ, ಸರಿಯಾಗಿ ಹೇಳಿ."

"ಯಂತ್ರದಲ್ಲಿ ನಲವತ್ನಾಲ್ಕು ಬಂತಮ್ಮ."

"ಮತ್ತೆ ಮೂವತ್ತೊಂಬತ್ತು ಅಂತ ಬರೆದಿದ್ದೀರಿ!"

"ನಿಲ್ಲಲ್ಲ ಅಂತ ಕುತ್ತಿಗೆ ತನಕ ಗೋಣಿಚೀಲದಲ್ಲಿ ಹಾಕಿ ತೂಗಿದ್ದು. ಚೀಲಕ್ಕೆ ಒಂದು ಕಿಲೋ ಕಳೆದೆ."

"ಉಳಿದ ನಾಲ್ಕು?"

ಅವರಿಗೆ ನನ್ನ ಮೇಲೆ ಕನಿಕರವೇ ಬಂದಿರಬೇಕು. ಮಗುವಿಗೆ ಹೇಳಿದ ಹಾಗೆ ನಿಧಾನವಾಗಿ ಹೇಳಿದರು. "ಮಾಲು ಒದ್ದೆ ಇತ್ತಲ್ಲಮ್ಮ. ಮಳೇಲಿ ನೆನೆದದ್ದು. ತೇವಕ್ಕೆ ನಾಲ್ಕು ತೆಗೆದೆ. ಮೂವತ್ತು ವರ್ಷದ ಕಣ್ಣು ಇದು, ತಪ್ಪಲ್ಲ. ಬೇಕಾದ್ರೆ ನಾಲ್ಕು ಬಿಸಿಲು ಒಣಗಿಸಿ ತನ್ನಿ, ಸರಿಯಾಗಿ ಮೂವತ್ತೊಂಬತ್ತೇ ಬರ್ತದೆ."

ಅಂದರೆ ಮೂರು ವಾರದಲ್ಲಿ ಟಾಮಿ ಒಂದು ಗ್ರಾಮೂ ಇಳಿದಿರಲಿಲ್ಲ. ಕಾಲೇಜು ಹುಡುಗಿಯರ ಬನ್ನು ನಿಂತಿರಲಿಲ್ಲ, ಅಷ್ಟೆ. ಮಾರನೇ ದಿನ ಅಂಗಡಿಗೆ ಬೋರ್ಡು ಬಿತ್ತು: "ನಾಯಿಗೆ ಏನೂ ಕೊಡಬೇಡಿ." ಸಾಹುಕಾರರ ವಿಷಯ ಮಾತ್ರ ಶೃಂಗೇರಿ ಬಸ್ಸಿನಲ್ಲಿ ಕೂತು ಅಲ್ಲಿಯ ತನಕ ಹೋಯಿತು. ಶೃಂಗೇರಿಯಿಂದ ಬಂದ ಒಬ್ಬರು ತಮ್ಮ ಎಮ್ಮೆಗೆ ಔಷಧ ಕೇಳುವ ಮೊದಲು ಕೇಳಿದ್ದು ಇದನ್ನೇ: "ನಿಮ್ಮ ನಾಯಿ ಒಣಗಿತಾ ಮೇಡಂ?"

೩. ಕಡಹಿನಬೈಲಿನ ಬೆಕ್ಕು

ಅದೇ ಹೊತ್ತಿಗೆ ನರಸಿಂಹರಾಜಪುರದ ಆಸ್ಪತ್ರೆಗೆ ಕಡಹಿನಬೈಲಿನಿಂದ ಒಂದು ಬೆಕ್ಕು ಬಂತು. ಬಿಳಿ ಬೆಕ್ಕು, ಆರೂವರೆ ಕಿಲೋ. ಮೂರು ತಲೆಮಾರಿನಿಂದ ಮಾಂಸ ಮುಟ್ಟದ ಮನೆಯದ್ದು. ಯಜಮಾನರು ಊಟಕ್ಕೆ ಕೂತರೆ ಪಕ್ಕದಲ್ಲಿ ಅದಕ್ಕೂ ಒಂದು ಮಣೆ, ಹಾಲನ್ನ, ಮೇಲೆ ತುಪ್ಪ. ಕಡೆಗೆ ಮೊಸರನ್ನವೂ ಆಗಬೇಕು.

"ಬಹಳ ಸಾಧು ಪ್ರಾಣಿ. ಇಲಿ ಎದುರಿಗೆ ಹೋದ್ರೂ ಕಣ್ಣು ಬಿಟ್ಟು ನೋಡಲ್ಲ," ಅಂದರು ಯಜಮಾನರು ಹೆಮ್ಮೆಯಿಂದ.

ನೋಡುವುದಾದರೂ ಹೇಗೆ, ಕುತ್ತಿಗೆ ತಿರುಗಿದರಲ್ಲವೇ? ತುಪ್ಪ ಮೊಸರು ನಿಲ್ಲಿಸಿ, ಊಟ ಅರ್ಧ ಮಾಡಿ ಅಂತ ಬರೆದುಕೊಟ್ಟೆ.

ಎರಡು ತಿಂಗಳ ಮೇಲೆ ದಂಪತಿ ಇಬ್ಬರೂ ಬಂದರು. ಬುಟ್ಟಿಯಲ್ಲಿ ಬೆಕ್ಕು ನೋಡಿ ನನಗೆ ಬಹಳ ಸಮಾಧಾನವಾಯಿತು. ಹೊಟ್ಟೆ ಒಳಗೆ ಹೋಗಿದೆ, ಕಣ್ಣು ಚುರುಕಾಗಿದೆ, ಬುಟ್ಟಿಯಿಂದ ಕಿಟಕಿಗೆ ಒಂದೇ ನೆಗೆತ. ಆದರೆ ಯಜಮಾನರ ಮುಖ ಕೆಂಪಾಗಿತ್ತು.

"ಎಂಥ ಕೆಲಸ ಮಾಡಿದ್ರಿ ಮೇಡಂ! ನಮ್ಮ ಬೆಕ್ಕಿನ ನಡತೆ ಕೆಡಿಸಿಬಿಟ್ರಿ."

ವಿಷಯ ಇಷ್ಟು. ಹಸಿದ ಬೆಕ್ಕು ಅಟ್ಟ ಹತ್ತಿದೆ. ದಿನಕ್ಕೆ ಎರಡು ಇಲಿ. ಅದರಲ್ಲೂ ಒಂದನ್ನು ನಿಯತ್ತಾಗಿ ತಂದು, ಯಜಮಾನರು ಊಟಕ್ಕೆ ಕೂತಾಗ ಅವರ ಬಾಳೆಲೆಯ ತುದಿಗೆ ಇಡುತ್ತದೆ. ಇಷ್ಟು ವರ್ಷ ಉಣ್ಣಿಸಿದವರಿಗೆ ಅದೂ ಬಡಿಸಬೇಡವೇ?

"ಅಟ್ಟದ ಭತ್ತ ಉಳೀತಲ್ಲ, ಸುಮ್ನಿರಿ ನೀವು," ಅಂದರು ಹೆಂಡತಿ ಹಿಂದಿನಿಂದ.

ಯಜಮಾನರು ಧ್ವನಿ ತಗ್ಗಿಸಿ ನನ್ನ ಮೇಜಿನ ಹತ್ತಿರ ಬಗ್ಗಿದರು. "ತೆಳ್ಳಗಾದದ್ದು ಸಂತೋಷ. ಆದ್ರೆ ಅದು ಹಿಂಗೆ ಕದ್ದು ಹೊರಗೆ ತಿಂದು ಬರೋದು ನಮ್ಮ ಮನೆತನಕ್ಕೆ ಸರಿ ಹೋಗಲ್ಲ. ಅದಕ್ಕೆ ನೀವೇ ಸ್ವಲ್ಪ ಬುದ್ಧಿ ಹೇಳಿ. ಡಾಕ್ಟ್ರು ಹೇಳಿದ್ರೆ ಕೇಳ್ತದೆ."

೪. ಹೊಲಿಗೆ ಅಳತೆ

ಇತ್ತ ಟೈಲರು ಮಂಡಿಯ ಸಹವಾಸ ಬಿಟ್ಟಿದ್ದರು. "ನನ್ನ ಹತ್ರ ಟೇಪ್ ಇದೆಯಲ್ಲ ಡಾಕ್ಟ್ರಮ್ಮ, ವಾರ ವಾರ ಸೊಂಟ ಅಳೆದು ಬರ್ಕೊಡ್ತೇನೆ," ಅಂದರು. ನನಗೂ ಸರಿ ಅನ್ನಿಸಿತು. ಮೊದಲ ಸಲ ನನ್ನೆದುರಿಗೇ ಅಳೆದೆವು, ನಲವತ್ತು ಇಂಚು.

ಒಂದು ತಿಂಗಳು ಕಳೆದು ಚೀಟಿ ನೋಡಿದರೆ ನಲವತ್ತೊಂದು! ನಾಲ್ಕು ತಿಂಗಳಲ್ಲಿ ಅರ್ಧ ಮುಗಿದೇ ಹೋಗಿದೆ, ಆ ಎದೆ ಇನ್ನೆಷ್ಟು ದಿನ ತಡೆಯುತ್ತದೆ? ಸಿಟ್ಟು ನೆತ್ತಿಗೇರಿತು. ನೇರ ಬಾಳಗಡಿಯ ಅಂಗಡಿಗೆ ಹೋದವಳೇ ಅಲ್ಲಿದ್ದ ಅಕ್ಕನನ್ನು ಹಿಡಿದು ಬೈದೆ. "ಪ್ರೀತಿ ಪ್ರೀತಿ ಅಂತ ತಿನ್ನಿಸಿ ಸಾಯಿಸ್ತೀರಾ ಅವನನ್ನ? ಕದ್ದು ಎಂತ ಕೊಡ್ತಿದೀರಿ, ನಿಜ ಹೇಳಿ!"

ಅಕ್ಕ ಬಿಕ್ಕಿ ಬಿಕ್ಕಿ ಅತ್ತರು. "ದೇವರಾಣೆ ಇಲ್ಲ ಅಮ್ಮ. ಒಂದೇ ಹಿಡಿ ಹಾಕೋದು. ತಟ್ಟೆ ನೆಕ್ಕಿ ನನ್ನ ಮುಖ ನೋಡ್ತಾನೆ. ನಾನು ಗೋಡೆ ಕಡೆ ತಿರುಗಿ ಕೂರ್ತೇನೆ."

ಸುಳ್ಳು ಹೇಳುವ ಮುಖ ಅದಲ್ಲ. ಟೇಪ್ ಕಿತ್ತುಕೊಂಡು ನಾನೇ ಅಳೆದೆ. ಮೂವತ್ತೆಂಟು. ಪುನಃ ಅಳೆದೆ. ಮೂವತ್ತೆಂಟೇ.

"ಟೈಲರೇ, ಇದೇನ್ರೀ ಇದು?"

"ಹೌದಲ್ಲ, ಮೈ ಅಳತೆ ಮೂವತ್ತೆಂಟೇ," ಅಂದರು ಅವರು ಮಿಷನ್ನಿನಿಂದ ತಲೆ ಎತ್ತದೆ. "ನಾನು ಬರೆದದ್ದು ಹೊಲಿಗೆ ಅಳತೆ. ಎರಡು ಇಂಚು ಲೂಸ್ ಬಿಟ್ಟಿದ್ದೇನೆ. ದೀಪಾವಳಿ ಹತ್ರ ಬಂತಲ್ಲ, ಹಬ್ಬದಲ್ಲಿ ಎಲ್ಲರೂ ಒಂಚೂರು ಉಬ್ಬುತ್ತಾರೆ, ಅದಕ್ಕೆ ಇನ್ನೊಂದು ಇಂಚು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಳಿದಿದ್ದ ಮಾರಾಯ್ರೆ, ಟಾಮಿ ನಿಜವಾಗಿ ಇಳಿದಿದ್ದ! ಅಲ್ಲೇ ಕತ್ತರಿಸಿದ ಬಟ್ಟೆಗಳ ರಾಶಿಯ ಮೇಲೆ ಕುಸಿದು ಕೂತು ಅಕ್ಕನ ಕೈ ಹಿಡಿದು ತಪ್ಪಾಯಿತು ಅಂದೆ.

ಟೈಲರಿಗೆ ಮಾತ್ರ ತಮ್ಮ ತಪ್ಪು ಕೊನೆಗೂ ಒಪ್ಪಿಗೆಯಾಗಲಿಲ್ಲ. "ಮೈ ಅಳತೆಗೇ ಬರೆದ್ರೆ ಕೂತಾಗ ಹರಿದುಹೋಗ್ತದೆ ಡಾಕ್ಟ್ರಮ್ಮ."

"ಯಾರು ಹರಿದುಹೋಗೋದ್ರೀ, ಟಾಮಿನಾ?"

೫. ಒಂದು ಪಾವು ಅಕ್ಕಿ

ನಾಲ್ಕು ತಿಂಗಳು ತುಂಬಿದ ದಿನ ಟಾಮಿ ಆಟೋದಿಂದ ತಾನೇ ಹಾರಿ ಇಳಿದ. ಆಸ್ಪತ್ರೆಯ ಮೂರು ಮೆಟ್ಟಿಲನ್ನು ತಾನೇ ಹತ್ತಿದ. ಹತ್ತಿ ನನ್ನ ಮೇಜಿನ ಕಾಲಿಗೆ ಒಂದು ಕಾಲೆತ್ತಿದ. ಮೂರು ಕಾಲಿನ ಮೇಲೆ ನಿಂತ, ಬೀಳಲಿಲ್ಲ! ಬೈಯುವುದು ಬಿಟ್ಟು ನಾನು ಚಪ್ಪಾಳೆ ತಟ್ಟಿದೆ. ಬಿಸಿಲಿನ ದಿನ ನೋಡಿ, ಮಂಡಿಯ ಯಂತ್ರವನ್ನು ಆಸ್ಪತ್ರೆಗೇ ತರಿಸಿ, ಚೀಲ ಇಲ್ಲದೆ, ನಾನೇ ಎದುರಿಗೆ ನಿಂತು ತೂಗಿಸಿದ್ದು. ಮೂವತ್ಮೂರು. ಎದೆ ಗಡಿಯಾರದ ಹಾಗೆ ನಡೆಯುತ್ತಿತ್ತು. ಟೈಲರು ಟಾಮಿಯ ಕುತ್ತಿಗೆ ತಬ್ಬಿಕೊಂಡು ಅತ್ತರು. ನಾನೂ ಕಣ್ಣು ಒರೆಸಿಕೊಂಡೆ, ಅದರಲ್ಲೇನು ನಾಚಿಕೆ.

ಜೊತೆಗೆ ಬಂದಿದ್ದ ಅಕ್ಕನಿಗೆ ಅವತ್ತು ಒಂದು ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು. ಟಾಮಿಗೆ ಪಥ್ಯ ಶುರುವಾದ ವಾರದಿಂದ ಅವರು ದಿನಾ ಮಧ್ಯಾಹ್ನ ತಮ್ಮನ ಕೈಯಲ್ಲಿ ನನಗೆ ಕ್ಯಾರಿಯರ್ ಊಟ ಕಳಿಸುತ್ತಿದ್ದರು, ನರಸಿಂಹರಾಜಪುರಕ್ಕೆ ಹೋಗುವ ದಿನ ಬೆಳಿಗ್ಗೆ ಬಸ್ಸಿಗೇ. ನಾನು ಒಂಟಿಯಾಗಿ ಬಾಡಿಗೆ ಮನೆಯಲ್ಲಿದ್ದವಳು, ಬೆಳಿಗ್ಗೆ ಅವಲಕ್ಕಿ ಕಲಸಿಕೊಂಡು ಓಡುವವಳು. ಕಳಲೆ ಪಲ್ಯ, ಕೆಸುವಿನ ಪತ್ರೊಡೆ, ಕಡುಬು, ಬಿಸಿ ಅನ್ನ, ಅದರ ಮೇಲೆ ಸಾರು. ಬೇಡ ಅನ್ನುವ ಬಾಯಿ ನನ್ನದಲ್ಲ. ಡಬ್ಬಿ ತೊಳೆಯುವ ಅಗತ್ಯವೇ ಇಲ್ಲದ ಹಾಗೆ ಖಾಲಿ ಮಾಡಿ ಕಳಿಸುತ್ತಿದ್ದೆ.

"ಅಕ್ಕ, ನಿಮ್ಮ ಋಣ ನಾನು ಹೇಗೆ ತೀರಿಸಲಿ? ಇಷ್ಟು ಪ್ರೀತಿಯಿಂದ ನನಗೆ ಯಾರೂ ಉಣ್ಣಿಸಿರಲಿಲ್ಲ," ಅಂದೆ.

ಅಕ್ಕ ಗಲಿಬಿಲಿಯಾದರು. ತಮ್ಮನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಹಂಗಲ್ಲ ಅಮ್ಮ. ನಮ್ಮ ಮನೇಲಿ ಇರೋರ ಪಾಲಿನ ಅಕ್ಕಿ ಕಮ್ಮಿ ಅಳೆಯೋ ಹಂಗಿಲ್ಲ. ಸತ್ತವರದ್ದು ಮಾತ್ರ ತೆಗೆಯೋದು. ಇವನು ಇಷ್ಟು ದೊಡ್ಡ ಗಂಡಾಂತರದಲ್ಲಿ ಇದ್ದಾಗ ಇವನ ಪಾವು ಅಕ್ಕಿ ಕಳೆದು ಎಸರಿಗೆ ಹಾಕೋದು ಹೆಂಗೆ? ಕೈಯೇ ಬರ್ಲಿಲ್ಲ. ದಿನಾ ಅವನ ಪಾಲು ಅಳೆದೇ ಅನ್ನ ಮಾಡಿದೆ. ಅವನ ಮುಂದೆ ಇಡೋ ಹಂಗಿಲ್ಲ, ಚೆಲ್ಲೋದು ಪಾಪ. ನೀವು ಹೇಗೂ ಅವನ ಡಾಕ್ಟ್ರು..."

ಔಷಧ ಕಟ್ಟುತ್ತಿದ್ದ ಕಾಂಪೌಂಡರು ಗೋಡೆ ಕಡೆ ತಿರುಗಿ ನಿಂತರು, ಅವರ ಭುಜ ಮಾತ್ರ ಕುಣಿಯುತ್ತಿತ್ತು.

"ಅಂದ್ರೆ ನಾಲ್ಕು ತಿಂಗಳು ನಾನು ಉಂಡದ್ದು..."

"ಟಾಮಿದೇ ಅಮ್ಮ," ಅಂದರು ಅಕ್ಕ ಕೈ ಮುಗಿದು. "ಪಥ್ಯ ಒಂದು ನೆಪ. ಅವನು ಬದುಕಿದ್ದೇ ನೀವು ಉಂಡಿದ್ದಕ್ಕೆ."

ಸಹಾಯಕ್ಕೆ ಬರಲಿ ಅಂತ ಟೈಲರ ಕಡೆ ನೋಡಿದೆ. ಅವರು ಕಣ್ಣೀರು ಒರೆಸಿಕೊಂಡು, ನನ್ನನ್ನು ಅಡಿಯಿಂದ ಮುಡಿಯ ತನಕ ಕಸುಬಿನವರ ಕಣ್ಣಿನಿಂದ ಒಮ್ಮೆ ನೋಡಿ ಹೇಳಿದರು.

"ಹತ್ತು ಕಿಲೋ ಸರಿಯಾಗಿ ಇಳಿದಿದೆ ಅಂತ ನನಗೆ ಹೋದ ತಿಂಗಳೇ ಗೊತ್ತಿತ್ತು ಡಾಕ್ಟ್ರಮ್ಮ. ನಿಮ್ಮ ಬ್ಲೌಸುಗಳನ್ನ ಎರಡು ಸಲ ಬಿಚ್ಚಿ ಅಗಲ ಮಾಡಿಕೊಟ್ಟವನು ನಾನೇ ಅಲ್ವಾ?"