ಪಾಯಸಕ್ಕೆ ವಿಷ ಹಾಕಿದ ಮನೆತನದಿಂದ ಒಂದು ವಿನಂತಿ

ಮಾನ್ಯ ಕಾದಂಬರಿಕಾರರ ಸನ್ನಿಧಿಗೆ, ಸಿದ್ದಾಪುರ ತಾಲೂಕು ಮನ್ಮನೆಯ ಅಡುಗೆಯ ಗಣಪ ಭಟ್ಟನು ಸೌಟು ಕೆಳಗಿಟ್ಟು, ಕೈ ತೊಳೆದು, ಶುಚಿಯಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ, ಇನ್ನೂರು ವರ್ಷಗಳ ಹಿಂದೆ ಪಾಯಸದಲ್ಲಿ ವಿಷ ಬೆರೆಸಿ ದೊರೆಯನ್ನು ಕೊಂದನೆಂದು ಊರವರು ಹೇಳುವ ಮಂಜ ಭಟ್ಟ ನಮ್ಮ ಮನೆತನದವನು. ಈ ಸಂಗತಿಯನ್ನು ನಾವು ಐದು ತಲೆಮಾರು ಕಷ್ಟಪಟ್ಟು ಮರೆತಿದ್ದೆವು. ತಾವು ಐನೂರ ನಲವತ್ತು ಪುಟಗಳಲ್ಲಿ ನೆನಪಿಸಿಕೊಟ್ಟಿರಿ. ನನಗೆ ಮುತ್ತಜ್ಜನ ಆಚೆ ಯಾರ ಹೆಸರೂ ತಿಳಿದಿರಲಿಲ್ಲ. ತಾವು ಮಂಜ ಭಟ್ಟನ ಹೆಂಡತಿ, ಅತ್ತಿಗೆ, ಷಡ್ಡಕ, ಕೊನೆಗೆ ಕೊಟ್ಟಿಗೆಯ ಎಮ್ಮೆಗೂ ಹೆಸರಿಟ್ಟು ನಮ್ಮ ವಂಶವನ್ನು ಉದ್ಧರಿಸಿದ್ದೀರಿ. ಈ ಸಲದ ಮಹಾಲಯಕ್ಕೆ ಎಷ್ಟು ಪಿಂಡ ಹೆಚ್ಚಿಗೆ ಇಡಬೇಕೆಂದು ಪುರೋಹಿತರನ್ನು ವಿಚಾರಿಸಿದ್ದೇನೆ. ನನ್ನ ಹೆಂಡತಿ ನೀಲಾ ತಮ್ಮ ಪುಸ್ತಕ ಓದಿ ಮಂಜ ಭಟ್ಟನ ಹೆಂಡತಿಗಾಗಿ ಎರಡು ದಿನ ಅತ್ತಳು. ಮೂರನೆಯ ದಿನ ನಾನು ಮಾಡಿಕೊಟ್ಟ ಚಹಾವನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ಕುಡಿದಳು.

ಇಷ್ಟಕ್ಕೆಲ್ಲ ನನ್ನ ತಕರಾರಿಲ್ಲ. ಆದರೆ ಇನ್ನೂರ ಹನ್ನೆರಡನೆಯ ಪುಟದಲ್ಲಿ ಮಂಜ ಭಟ್ಟ ವಿಷ ಹಾಕುವ ಮೊದಲು ಪಾಯಸಕ್ಕೆ ಬೆರಳದ್ದಿ ರುಚಿ ನೋಡಿ ನಗುತ್ತಾನೆ. ಕೊಲೆಯನ್ನು ಒಪ್ಪಿಕೊಂಡೇನು, ಇದನ್ನು ಒಪ್ಪಲಾರೆ. ದೇವರಿಗೆ ನೈವೇದ್ಯವಾಗಿ, ಕೊನೆಯ ಪಂಕ್ತಿಯವರು ಎದ್ದು ಕೈ ತೊಳೆಯುವ ತನಕ ನಮ್ಮ ಮನೆತನದ ಅಡುಗೆಯವರು ಒಂದು ಅಗುಳನ್ನೂ ಬಾಯಿಗೆ ಹಾಕುವವರಲ್ಲ. ಉಪ್ಪು ಸಾಕೋ ಬೇಕೋ ಎಂಬುದನ್ನು ಕುದಿಯ ಪರಿಮಳದಲ್ಲೇ ತಿಳಿಯಬೇಕೆಂದು ಅಪ್ಪ ಕಲಿಸಿದ್ದು. ಮೂವತ್ತೊಂದು ವರ್ಷ ಹಾಗೇ ನಡೆದುಕೊಂಡೆ.

ಹೋದ ತಿಂಗಳು ಯಲ್ಲಾಪುರದ ಹತ್ತಿರ ಇಡಗುಂದಿಯಲ್ಲಿ ಮುಂಜಿ ಇತ್ತು, ಅಪ್ಪನ ಕಾಲದಿಂದ ನಮ್ಮನ್ನೇ ಕರೆಯುವ ಮನೆ. ತಮ್ಮ ಪುಸ್ತಕ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಬಡಿಸಿ ಆಯಿತು, ಇನ್ನೂರು ಜನ ಕುಳಿತಾಯಿತು, ಒಬ್ಬರೂ ಎಲೆಗೆ ಕೈ ಇಡಲಿಲ್ಲ. ಮನೆಯ ಹಿರಿಯಮ್ಮ ಅಡುಗೆಮನೆಗೆ ಬಂದು ಬಹಳ ಸಂಕೋಚದಿಂದ, “ತಪ್ಪು ತಿಳ್ಕಳಡಿ ಭಟ್ರೆ, ಮೊದ್ಲು ಒಂದ್ ಸೌಟು ಉಂಡ್ ತೋರ್ಸಿಬಿಡಿ” ಅಂದರು. ಪಂಕ್ತಿಯ ನಡುವೆ ನಿಂತು ಉಂಡೆ. ಎಲ್ಲರೂ ನನ್ನ ಮುಖ ನೋಡಿದರು. ಕೆಲವರು ಗಡಿಯಾರವನ್ನೂ ನೋಡಿದರು. ಆಮೇಲೆ ಒಲೆಯ ಹತ್ತಿರ ಹೋಗಿ ಅತ್ತುಬಿಟ್ಟೆ, ಕೇಳಿದವರಿಗೆ ಹೊಗೆ ಎಂದೆ. ಈಗ ಇನ್ನೆರಡು ಮನೆಯವರು ಇದೇ ಷರತ್ತು ಮುಂಚಿತವಾಗಿ ಹೇಳಿ ಕಳಿಸಿದ್ದಾರೆ. ಅಪ್ಪನ ಮಾತನ್ನು ಮತ್ತೊಮ್ಮೆ ಮುರಿಯುವ ಬದಲು ಸೌಟನ್ನೇ ಬಿಟ್ಟುಬಿಡೋಣ ಅನಿಸುತ್ತಿದೆ, ಆದರೆ ನನಗೆ ಬೇರೆ ಕೆಲಸ ಬಾರದು.

ಆದ್ದರಿಂದ ಎರಡನೆಯ ಮುದ್ರಣದಲ್ಲಿ ದಯಮಾಡಿ ಮಂಜ ಭಟ್ಟನ ಕೈಗೆ ಸೌಟಿನ ಬದಲು ಒಂದು ಕತ್ತಿ ಕೊಡಿ, ಕತ್ತಿ ಹಿಡಿದವರ ಕೈಯ ಊಟಕ್ಕೆ ಈ ಸೀಮೆಯಲ್ಲಿ ಯಾರೂ ಅಂಜುವುದಿಲ್ಲ. ಅದು ಕಷ್ಟವಾದರೆ ದೊರೆಗೆ ಅಂದು ಏಕಾದಶಿ ಉಪವಾಸ ಮಾಡಿಸಿ. ಅದಕ್ಕೂ ಇತಿಹಾಸ ಅಡ್ಡ ಬಂದರೆ, ಬರುವ ತಿಂಗಳು ಅರಬೈಲಿನಲ್ಲಿ ನಾನು ಅಡುಗೆ ಒಪ್ಪಿಕೊಂಡಿರುವ ಮದುವೆಗೆ ತಾವೇ ದಯಮಾಡಿಸಿ, ಮೊದಲ ಪಂಕ್ತಿಯ ಮೊದಲ ಎಲೆಗೆ ಕುಳಿತು, ನಾಲ್ಕು ಜನ ನೋಡುವಂತೆ ಮೊದಲ ತುತ್ತು ಉಣ್ಣಬೇಕಾಗಿ ವಿನಂತಿ.

ತಮ್ಮ ಲೇಖನಿಗೂ ಹೊಟ್ಟೆಗೂ ದೀರ್ಘಾಯುಷ್ಯ ಕೋರುವ,
ತಮ್ಮ ವಿಶ್ವಾಸಿ,
ಗಣಪ ಭಟ್ಟ, ಮನ್ಮನೆ

ತಾ.ಕ.: ಶಿರಸಿಯಲ್ಲಿ ತಮ್ಮ ಪುಸ್ತಕ ಬಿಡುಗಡೆಯಾದ ದಿನ, ತಾವು ಮೂರು ಸಲ ಕೇಳಿ ಹಾಕಿಸಿಕೊಂಡ ಕಡಲೆಬೇಳೆ ಪಾಯಸ ಮಾಡಿದವನು ನಾನೇ. ಅಡುಗೆಯವನು ಯಾರೆಂದು ತಾವು ಕೇಳಲಿಲ್ಲ; ಮೊದಲು ಉಂಡು ತೋರಿಸೆಂದೂ ಹೇಳಲಿಲ್ಲ.