ಇನ್ನೂರ ಹದಿಮೂರನೆಯ ಪರೀಕ್ಷೆ

ಮೂರು ವರ್ಷ ಕಾದು ಪಡೆದ ಹತ್ತು ದಿನದ ರಜೆಗೆ ಅಡ್ಡ ಬಂದದ್ದು ಆಫೀಸಿನ ಗೋಡೆಯ ಮೇಲಿನ ಒಂದು ಕೆಂಪು ದೀಪ.

ಆ ಆಫೀಸಿನವರು ಕಂಪನಿಗಳ ಹಾಜರಿ, ರಜೆ ನೋಡಿಕೊಳ್ಳುವ ಪ್ರೋಗ್ರಾಮು ಬರೆಯುತ್ತಿದ್ದರು. ಯಾರು ಅದರ ಒಂದು ಸಾಲು ತಿದ್ದಿದರೂ ಸಾಕು, ಎಲ್ಲವೂ ಸರಿಯಿದೆಯೇ ಎಂದು ನೋಡುವ ಒಂಬೈನೂರು ಪರೀಕ್ಷೆಗಳು ಕಂಪ್ಯೂಟರಿನಲ್ಲಿ ತಾವಾಗಿಯೇ ಓಡುತ್ತಿದ್ದವು. ಎಲ್ಲವೂ ಪಾಸಾದರೆ ಹಸಿರು ದೀಪ, ಒಂದು ಫೇಲಾದರೂ ಕೆಂಪು. ಅವುಗಳನ್ನು ಕಾಯುವವನೇ ನಮ್ಮ ಟೆಸ್ಟರ್. ಹೊಸ ಆವೃತ್ತಿ ಸಂಜೆ ಐದಕ್ಕೆ ಹೊರಡಬೇಕು, ಅವನ ರೈಲು ಆರೂವರೆಗೆ. ಹಸಿರು ಬರದೆ ಯಾರೂ ಕದಲುವಂತಿಲ್ಲ ಎಂದು ಮ್ಯಾನೇಜರು ಕಡ್ಡಿ ಮುರಿದ ಹಾಗೆ ಹೇಳಿದ್ದರು.

ಬೆಳಗ್ಗೆ ಹತ್ತಕ್ಕೇ ಇನ್ನೂರ ಹದಿಮೂರನೆಯ ಪರೀಕ್ಷೆ ಫೇಲಾಯಿತು. ಪಕ್ಕದ ಮೇಜಿನವಳು, ತಾರೀಕಿನ ಲೆಕ್ಕ ತಪ್ಪಿರಬೇಕೆಂದು ಒಂದು ಸಾಲು ತಿದ್ದಿದಳು. ಒಂಬೈನೂರೂ ಮೊದಲಿನಿಂದ ಓಡಿದವು. ನಲವತ್ತು ನಿಮಿಷ, ಕೆಂಪು. ಕರೆಯದೆ ಬಂದ ಸೀನಿಯರ್, ಇಂಥದ್ದೆಲ್ಲ ಬೇಕಾದಷ್ಟು ನೋಡಿದ್ದೇನೆಂದು ಇನ್ನೆರಡು ಸಾಲು ತಿದ್ದಿ ಊಟಕ್ಕೆ ಹೋದ. ಮತ್ತೆ ನಲವತ್ತು ನಿಮಿಷ, ಮತ್ತೆ ಕೆಂಪು. ಮೂರು ಗಂಟೆಯ ಹೊತ್ತಿಗೆ ಸಲಹೆ ಕೊಡದೆ ಉಳಿದದ್ದು ನೀರಿನ ಕ್ಯಾನು ಒಂದೇ. ಆ ಪರೀಕ್ಷೆ ಏನನ್ನು ನೋಡುತ್ತದೆ ಎಂದು ಓದುವ ತಾಳ್ಮೆ ಮಾತ್ರ ಅವನನ್ನೂ ಸೇರಿಸಿ ಯಾರಿಗೂ ಇರಲಿಲ್ಲ.

ನಾಲ್ಕಕ್ಕೆ ಹೆಂಡತಿಯ ಫೋನು ಬಂತು.

"ಬ್ಯಾಗೆಲ್ಲ ಬಾಗಿಲ ಹತ್ರ ಇಟ್ಟಿದ್ದೀನಿ. ಮಕ್ಕಳು ಆಗ್ಲೇ ಶೂ ಹಾಕ್ಕೊಂಡು ಕೂತಿದಾರೆ. ಈ ಸಲಾನೂ ನೀವು ಕೈಕೊಟ್ರೆ ನಾವು ಮೂರೇ ಜನ ಹೋಗ್ತೀವಿ, ಅಷ್ಟೆ."

ಅವನಿಗೆ ಅಳುವೇ ಬಂತು. ಸುತ್ತ ಒಮ್ಮೆ ನೋಡಿ, ಆ ಪರೀಕ್ಷೆಯನ್ನು ಪಟ್ಟಿಯಿಂದಲೇ ಕಿತ್ತುಹಾಕಿದ. ನಲವತ್ತು ನಿಮಿಷ ಉಸಿರು ಬಿಗಿಹಿಡಿದು ಕೂತ. ದೀಪ ಹಸಿರಾಯಿತು. ಎಲ್ಲರೂ ಅವನ ಬೆನ್ನು ತಟ್ಟಿದರು, ಸೀನಿಯರ್ ಮಾತ್ರ ತನ್ನ ಬೆನ್ನನ್ನೇ ತಟ್ಟಿಕೊಂಡ. ಐದಕ್ಕೆ ಹೊಸ ಆವೃತ್ತಿ ಹೊರಟಿತು. ಪದ್ಧತಿಯಂತೆ ಅದು ಮೊದಲು ಬಂದು ಕೂತದ್ದು ಅವರದೇ ಆಫೀಸಿನ ಕಂಪ್ಯೂಟರುಗಳಲ್ಲಿ.

ಲಿಫ್ಟಿನ ಹತ್ತಿರ ಮ್ಯಾನೇಜರು ಅವನನ್ನು ಹಿಡಿದರು. ನಾಳೆ ಒಂಬತ್ತಕ್ಕೆ ಮೀಟಿಂಗ್ ಇದೆ ಎಂದರು.

"ನಾಳೆಯಿಂದ ರಜೆ ಸಾರ್. ನೀವೇ ಕೊಟ್ಟಿದ್ರಿ."

ಮ್ಯಾನೇಜರು ಫೋನಿನಲ್ಲಿ ರಜೆಯ ಪಟ್ಟಿ ತೆಗೆದು ನೋಡಿದರು. "ಇಲ್ವಲ್ರೀ. ನಿಮ್ಮ ಹೆಸರಲ್ಲಿ ಏನೂ ಇಲ್ಲ."

"ಹೊಸ ಆವೃತ್ತೀಲಿ ಅಳಿಸಿ ಹೋಗಿರಬಹುದು ಸಾರ್."

"ಅದು ಹೇಗ್ರೀ ಸಾಧ್ಯ? ಕೊಟ್ಟ ರಜೆ ಅಳಿಸಿ ಹೋಗ್ಬಾರ್ದು ಅಂತಾನೇ ಇನ್ನೂರ ಹದಿಮೂರನೇ ಪರೀಕ್ಷೆ ಇಟ್ಟಿರೋದು. ಹಸಿರು ಬಂದಿದೆ ಅಂದ್ರೆ ನೀವು ರಜೆ ಹಾಕೇ ಇಲ್ಲ ಅಂತ."

ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ರೈಲು. ಅವನು ಬ್ಯಾಗು ಹೆಗಲಿನಿಂದ ಇಳಿಸಿ, ಮೀಟಿಂಗು ಎಷ್ಟು ಹೊತ್ತು ನಡೆಯುತ್ತದೆ ಎಂದು ಕೇಳಿದ.